ನಲವತ್ತು ತಲೆ, ಒಂದೇ ನೋವು

ಎರಡು ಮಾತ್ರೆಗಳಲ್ಲಿ ಯಾವುದು ಮೇಲು ಎಂದು ತೀರ್ಮಾನಿಸಬೇಕಾದರೆ ಒಂದೇ ತಲೆನೋವು ಎರಡು ಸಲ ಬರಬೇಕು. ಬರುವುದಿಲ್ಲ. ಸೋಮವಾರದ ತಲೆನೋವು ಬೇರೆ, ಮಂಗಳವಾರದ್ದು ಬೇರೆ. ನಿಮ್ಮದು ಬೇರೆ, ನನ್ನದು ಬೇರೆ. ಮದುವೆಮನೆಯಲ್ಲಿ ಯಾರಾದರೂ ನನ್ನನ್ನು ಹಿಡಿದು ನಿಲ್ಲಿಸಿ, "ಡಾಕ್ಟ್ರೇ, ತಲೆನೋವಿಗೆ ಯಾವ ಮಾತ್ರೆ ಒಳ್ಳೇದು?" ಎಂದು ಕೇಳಿದರೆ ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಪ್ರಶ್ನೆ ದಡ್ಡತನದ್ದು ಅಂತಲ್ಲ. ಅಷ್ಟು ವರ್ಷ ಔಷಧಶಾಸ್ತ್ರ ಪಾಠ ಹೇಳಿದ ನನಗೂ ಉತ್ತರ ನೆಟ್ಟಗೆ ಗೊತ್ತಿರಲಿಲ್ಲ, ಅದಕ್ಕೆ.

ಒಬ್ಬರ ತಲೆನೋವನ್ನು ಹಿಡಿದಿಟ್ಟು ಅದನ್ನೇ ನಲವತ್ತು ಜನರ ತಲೆಗೆ ಕೊಡುವಂತಿದ್ದರೆ? ಈ ಮಾತನ್ನು ಒಂದು ದಿನ ನಮ್ಮ ಮೈಸೂರಿನ ಪ್ರಯೋಗಾಲಯದಲ್ಲಿ ಬಾಯಿಬಿಟ್ಟು ಆಡಿದೆ. ಇಂಜಿನಿಯರ್ ಮುಜೀಬ್ ಕೇಳಿಸಿಕೊಂಡ. ಅವನಿಗೆ ಇಂಥದ್ದು ಕೇಳಿಸಿದರೆ ಊಟ ಸೇರುವುದಿಲ್ಲ. ಮೂರು ವರ್ಷದ ಮೇಲೆ ಅಂಗೈಯಗಲದ ಒಂದು ಪಟ್ಟಿ ತಂದು ನನ್ನ ಮೇಜಿನ ಮೇಲಿಟ್ಟ. ಹಣೆಯಿಂದ ಹಿಂದಲೆಯವರೆಗೆ ಸುತ್ತಿಕೊಳ್ಳುವುದು. ಅದನ್ನು ನೋವುಪಟ್ಟಿ ಎಂದು ಕರೆದೆವು.

ಬಿಗಿತದ ತಲೆನೋವು ಎಂದು ನಾವು ಹೇಳುವುದು ಬಹಳ ಸಾಮಾನ್ಯವಾದ ತಲೆನೋವನ್ನು. ಎರಡೂ ಕಡೆ ಅಮುಕುತ್ತದೆ, ಹಗ್ಗ ಕಟ್ಟಿ ಬಿಗಿದ ಹಾಗೆ. ಕತ್ತು, ದವಡೆ, ಹಣೆಯ ಸ್ನಾಯುಗಳು ಬಿಗಿದುಕೊಳ್ಳುವುದು ಅದರ ಅರ್ಧ. ಆ ಸುದ್ದಿಯನ್ನು ಮಿದುಳು ದೊಡ್ಡ ದನಿಯಲ್ಲಿ ಕೇಳಿಸಿಕೊಳ್ಳತೊಡಗುವುದು ಇನ್ನರ್ಧ. ಮುಜೀಬನ ಪಟ್ಟಿ ಎರಡನ್ನೂ ಓದಿ ಇಟ್ಟುಕೊಳ್ಳುತ್ತಿತ್ತು. ಇನ್ನೊಬ್ಬರ ತಲೆಗೆ ಕಟ್ಟಿದರೆ ಸಣ್ಣ ಅಯಸ್ಕಾಂತದ ಮಿಡಿತಗಳಿಂದ ಅದೇ ಲಯವನ್ನು ಅಲ್ಲಿ ಎಬ್ಬಿಸುತ್ತಿತ್ತು. ಹತ್ತು ನಿಮಿಷ ಎಬ್ಬಿಸಿದರೆ ಸಾಕು. ಆಮೇಲೆ ಹೊತ್ತಿಸಿದ ಒಲೆಯ ಹಾಗೆ ತಲೆಯೇ ನೋವನ್ನು ಉರಿಸಿಕೊಂಡು ಹೋಗುತ್ತದೆ, ನಾಲ್ಕೈದು ಗಂಟೆ. ಅದನ್ನು ಬೇಗ ಆರಿಸುವುದು ಮಾತ್ರೆಯ ಕೆಲಸ.

ಯಾರ ತಲೆನೋವು ಎಂದು ಮುಜೀಬ್ ಕೇಳಿದಾಗ ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ನಮ್ಮ ಮನೆಯಲ್ಲೇ ಇತ್ತು.

ನಾನು ಮದುವೆಯಾಗದವಳು. ಅಣ್ಣ ಪಂಚಾಕ್ಷರಿಯ ಮನೆಯ ಮಹಡಿಯಲ್ಲಿದ್ದೇನೆ, ಊಟ ಕೆಳಗೆ. ಅಣ್ಣ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅತ್ತಿಗೆ ಸರ್ವಮಂಗಳ ವಿದ್ಯುತ್ ಕಚೇರಿಯ ದೂರು ಕೇಂದ್ರದಲ್ಲಿ ಫೋನು ತೆಗೆದುಕೊಳ್ಳುವ ಕೆಲಸದವರು. ಕರೆಂಟು ಹೋದವರೆಲ್ಲ ಬೆಳಗ್ಗೆಯಿಂದ ಸಂಜೆಯವರೆಗೆ ಅವರ ಕಿವಿಯಲ್ಲಿ ಕೂಗಾಡುತ್ತಾರೆ. ಅತ್ತಿಗೆ ಹಲ್ಲುಕಚ್ಚಿಕೊಂಡು "ಆಯ್ತು ಸರ್, ಲೈನ್‌ಮ್ಯಾನ್ ಕಳಿಸ್ತೀವಿ ಸರ್" ಅನ್ನುತ್ತಾರೆ. ಸಂಜೆ ಮನೆಗೆ ಬಂದವರು ಸೆರಗನ್ನು ಹಣೆಗೆ ಬಿಗಿದು ಕಟ್ಟಿಕೊಂಡು ಚಪಾತಿ ಲಟ್ಟಿಸುತ್ತಾರೆ. ಸ್ಕ್ಯಾನ್ ಮಾಡಿಸಿದ್ದಾಯಿತು, ಕನ್ನಡಕ ಬದಲಾಯಿಸಿದ್ದಾಯಿತು. ಎಲ್ಲ ಸರಿಯಾಗಿದೆ ಅಂದರು.

ಹೋದ ವರ್ಷ ಅವರು ರಕ್ತ ವಾಂತಿ ಮಾಡಿಕೊಂಡರು. ವರ್ಷಗಟ್ಟಲೆ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಬದುಕಿದ್ದೇ ಹೆಚ್ಚು. ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರು ಖಂಡಿತವಾಗಿ ಹೇಳಿದರು: ಆ ಮಾತ್ರೆಯೂ ಬೇಡ, ಆಸ್ಪಿರಿನ್ನೂ ಬೇಡ. ನಿಮಗಿನ್ನು ಪ್ಯಾರಾಸಿಟಮಾಲ್ ಒಂದೇ, ಅದೂ ವಾರಕ್ಕೆ ಎರಡು ದಿನ. ದಿನಾ ನುಂಗಿದರೆ ಮಾತ್ರೆಯಿಂದಲೇ ತಲೆನೋವು ಬರುತ್ತದೆ. ಅಫೀಮಿನ ಜಾತಿಯ ಮದ್ದಿನ ಮಾತನ್ನು ಅವರು ಎತ್ತಲೇ ಇಲ್ಲ, ಎತ್ತಲೂಬಾರದು. ಈ ನೋವಿಗೆ ಅದು ಸಲ್ಲದು, ಅಭ್ಯಾಸ ಹತ್ತಿಸಿ ಕೈಬಿಡುತ್ತದೆ.

ಅತ್ತಿಗೆ ತಲೆಯಾಡಿಸಿ ಮನೆಗೆ ಬಂದರು. ಆರು ತಿಂಗಳಾದ ಮೇಲೆ ಅವರ ಕೈಚೀಲದಲ್ಲಿ ಅದೇ ಐಬುಪ್ರೊಫೆನ್ನಿನ ಸ್ಟ್ರಿಪ್ ನನ್ನ ಕಣ್ಣಿಗೆ ಬಿತ್ತು.

"ಅತ್ತಿಗೆ, ಸಾಯ್ತೀರಿ" ಅಂದೆ. ನನಗೆ ಸುತ್ತಿಬಳಸಿ ಮಾತಾಡಲು ಬರುವುದಿಲ್ಲ.

"ಅವ್ರು ಹೇಳಿದ ಮಾತ್ರೆ ನಂಗೆ ಏನೂ ಮಾಡಲ್ಲ ಗಂಗಾ. ನೀರು ಕುಡಿದಂಗೆ. ನೀವೆಲ್ಲ ಓದಿದೋರು, ಪುಸ್ತಕದಲ್ಲಿ ಇರೋದು ಹೇಳ್ತೀರಿ. ತಲೆ ನಂದಲ್ವಾ?"

ಒಳಗೆ ಪೇಪರು ಓದುತ್ತಿದ್ದ ಅಣ್ಣ ತಲೆಯೆತ್ತದೆ ಹೇಳಿದ: "ಅದನ್ನೇನು ದೊಡ್ಡ ಕಾಯಿಲೆ ಮಾಡ್ಕೊಂಡು ಕೂತಿದೀರಿ. ಎಲ್ರಿಗೂ ಇರೋದೇ."

"ನಿಮ್ಮಣ್ಣನಿಗೆ ನಾನು ನಾಟಕ ಆಡ್ತಿದೀನಿ ಅಂತ" ಎಂದು ಅತ್ತಿಗೆ ಮೆಲ್ಲಗೆ ಅಂದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಸಿಟ್ಟು ಕೂಡ ಇರಲಿಲ್ಲ. ಅಣ್ಣನನ್ನು ಹಿಡಿದು ಜಾಡಿಸಬೇಕು ಅನ್ನಿಸಿತು.

ಹೀಗೆ ನನ್ನ ಪ್ರಯೋಗ ಶುರುವಾಯಿತು. ಹೊರಗಿನವರಿಗೆ ಅದು ಮಾತ್ರೆಗಳ ಹೋಲಿಕೆ. ನನಗೆ ಬೇಕಾಗಿದ್ದದ್ದು ಒಂದೇ ಉತ್ತರ: ಈ ಹೆಂಗಸಿನ ಈ ತಲೆನೋವಿಗೆ ಪ್ಯಾರಾಸಿಟಮಾಲ್ ನಡೆಯುತ್ತದೆಯೋ ಇಲ್ಲವೋ. ನಡೆಯುತ್ತದೆ ಅಂತಾದರೆ ಅವರು ಬದುಕಿಕೊಳ್ಳುತ್ತಾರೆ.

ಒಂದು ಸಂಜೆ ಅತ್ತಿಗೆ ಕಚೇರಿಯಿಂದ ನೇರವಾಗಿ ಪ್ರಯೋಗಾಲಯಕ್ಕೆ ಬಂದು ಪಟ್ಟಿ ಕಟ್ಟಿಸಿಕೊಂಡರು. ಮುಜೀಬ್ ನೋವನ್ನು ಓದಿಟ್ಟುಕೊಂಡ. ಮೊದಲ ತಲೆ ನನ್ನದೇ ಆಗಲಿ ಅಂದೆ. ಬೇರೆಯವರಿಗೆ ಕೊಡುವುದನ್ನು ನಾನು ತಿಂದು ನೋಡಬೇಡವೇ?

ಮೊದಲು ಕತ್ತಿನ ಹಿಂದೆ ಏನೋ ಕೂತಿತು. ಆಮೇಲೆ ಅದು ಕಿವಿಯ ಹಿಂದಿನಿಂದ ಹತ್ತಿ ಬಂದು ಹಣೆಯಲ್ಲಿ ಸೇರಿಕೊಂಡಿತು. ಬಿಗಿಯಿತು. ಇಷ್ಟೇ ಇರಬೇಕು ಅಂದುಕೊಂಡೆ. ಇನ್ನೂ ಬಿಗಿಯಿತು. ಹತ್ತನೆಯ ನಿಮಿಷಕ್ಕೆ ಪಟ್ಟಿ ಬಿಚ್ಚಿದರೂ ತಲೆಯ ಸುತ್ತ ಇನ್ನೊಂದು ಪಟ್ಟಿ ಹಾಗೇ ಇತ್ತು. ಮುಜೀಬ್ ಕುರ್ಚಿ ಎಳೆದ ಸದ್ದಿಗೆ ನನಗೆ ಅವನ ಮೇಲೆ ಕೈ ಮಾಡುವಷ್ಟು ಕೋಪ ಬಂತು.

"ಮೇಡಂ, ಹೇಗಿದೆ?" ಎಂದು ಕೇಳಿದ.

ಎದುರಿಗೆ ಅತ್ತಿಗೆ ಕೂತಿದ್ದರು, ಇದೇ ತಲೆಯನ್ನು ಹೊತ್ತುಕೊಂಡು, ನನಗೆ ನೀರು ಬೇಕೇನೋ ಎಂದು ನೋಡುತ್ತ. ನಾನು ಅವರೊಳಗೆ ಕೂತಿದ್ದೆ. ಮನುಷ್ಯ ಚಂದ್ರನ ಮೇಲೆ ಹೋಗಿ ಬಂದಿದ್ದಾನೆ, ಸಮುದ್ರದ ತಳಕ್ಕೆ ಇಳಿದಿದ್ದಾನೆ, ಆದರೆ ಪಕ್ಕದಲ್ಲಿ ಕೂತವರ ತಲೆಯೊಳಕ್ಕೆ ಈವರೆಗೆ ಯಾರೂ ಹೋಗಿರಲಿಲ್ಲ. ನಾನು ಹೋಗಿದ್ದೆ. ಅಲ್ಲಿ ಹೀಗಿತ್ತು. ಇಷ್ಟಿಟ್ಟುಕೊಂಡು ಈ ಹೆಂಗಸು ನನಗೆ ಬಿಸಿಬಿಸಿ ಚಪಾತಿ ಹಾಕುತ್ತಿದ್ದರು, "ಇನ್ನೊಂದು ಹಾಕ್ಲಾ" ಎಂದು ಕೇಳುತ್ತಿದ್ದರು. ನನಗೆ ಅಳು ಬಂತು. ಅತ್ತರೆ ತಲೆ ಇನ್ನೂ ನೋಯುತ್ತದೆ ಎಂಬುದೂ ಅವತ್ತೇ ಗೊತ್ತಾಯಿತು.

ನಲವತ್ತು ಜನ ಸೇರಿದರು. ನಾಲ್ಕು ಗುಂಪು: ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಆಸ್ಪಿರಿನ್, ಮತ್ತು ಮದ್ದೇ ಇಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದೆಂದು ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಮುಜೀಬನ ಕಂಪ್ಯೂಟರಿಗೆ ಮಾತ್ರ ಗೊತ್ತು. ಅತ್ತಿಗೆಯ ನೋವು ಒಬ್ಬೊಬ್ಬರ ತಲೆಗೂ ಹೋಯಿತು. ಅವರು ಸುಮ್ಮನಾಗಿಬಿಡುತ್ತಿದ್ದ ರೀತಿಯನ್ನು ನಾನು ಮರೆಯುವುದಿಲ್ಲ. ಅಂಚೆ ಕಚೇರಿಯ ಪದ್ಮರಾಜಯ್ಯ ಬರುವಾಗ ನಗೆಚಾಟಿಕೆ ಮಾಡುತ್ತಲೇ ಬಂದವರು. ಪಟ್ಟಿ ಬಿಚ್ಚಿದ ಮೇಲೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, "ಯಾರಮ್ಮ ಆ ತಾಯಿ, ಇದನ್ನ ಇಟ್ಕೊಂಡಿರೋರು?" ಎಂದು ಕೇಳಿದರು. ಹೆಸರು ಹೇಳುವಂತಿರಲಿಲ್ಲ. ಅವರು ಗಾಳಿಗೇ ಒಂದು ನಮಸ್ಕಾರ ಹಾಕಿದರು.

ಫಲಿತಾಂಶ ಬಂದಾಗ ನಾನು ತಲೆ ಚಚ್ಚಿಕೊಂಡೆ. ನಾಲ್ಕು ಗುಂಪಿನವರಿಗೂ ಚೆನ್ನಾಗಿ ಗುಣವಾಗಿತ್ತು. ಹುಸಿ ಮಾತ್ರೆಯವರಿಗೂ.

ಮೊದಲು ಮುಜೀಬನಿಗೆ ಬೈದೆ. ಆಮೇಲೆ ಬಂದವರನ್ನೆಲ್ಲ ಮತ್ತೆ ಕರೆಸಿ ಕೂರಿಸಿಕೊಂಡು ವಿಚಾರಿಸಿದೆ.

"ಮಾತ್ರೆ ನುಂಗಿದ ಮೇಲೆ ಏನಾದ್ರೂ ತಿಂದ್ರಾ, ಕುಡಿದ್ರಾ?" ಎಂದು ಪದ್ಮರಾಜಯ್ಯನವರನ್ನು ಕೇಳಿದೆ.

"ಇಲ್ಲಮ್ಮ. ನೀವು ಹೇಳಿದ್ಮೇಲೆ ಆಯ್ತು. ಒಂದು ತೊಟ್ಟೂ ಏನೂ ಇಲ್ಲ. ಎದುರುಗಡೆ ಕ್ಯಾಂಟೀನಲ್ಲಿ ಬರೀ ಕಾಫಿ."

"ಕಾಫಿ?"

"ಬರೀ ಕಾಫಿ. ತಿಂಡಿ ಮುಟ್ಟಿಲ್ಲ."

ನಲವತ್ತು ಜನರೂ ಇದನ್ನೇ ಹೇಳಿದರು. ತಲೆ ನೋಯುತ್ತಿದೆ, ಮಾತ್ರೆ ನುಂಗಿದ್ದಾಗಿದೆ, ಮೇಲೊಂದು ಸ್ಟ್ರಾಂಗ್ ಕಾಫಿ ಕುಡಿಯದೆ ಇರುವುದು ಹೇಗೆ? ಮೈಸೂರಿನಲ್ಲಿ ಕಾಫಿಯನ್ನು ಯಾರೂ ಕುಡಿಯುವ ಪದಾರ್ಥಗಳ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದು ಉಸಿರಾಡುವುದರ ಒಂದು ಭಾಗ. ಆದರೆ ಕಾಫಿಯಲ್ಲಿರುವ ಕೆಫೀನು ತಾನೇ ಅರೆ ಔಷಧ. ಈ ಮಾತ್ರೆಗಳ ಕೈಗೆ ಅದು ಬಲ ಕೊಡುತ್ತದೆ. ನನ್ನ ಹೋಲಿಕೆಯೆಲ್ಲ ಕಾಫಿಯಲ್ಲಿ ಕರಗಿಹೋಗಿತ್ತು.

ಎರಡನೆಯ ಸಲ ಕಾಫಿ ಬಂದ್ ಮಾಡಿದೆ. ಅರ್ಧ ಜನ ಎದ್ದು ಹೋದರು. ಉಳಿದವರಿಗೆ ಕಾಫಿ ಬಿಟ್ಟದ್ದಕ್ಕೇ ತಲೆನೋವು ಬಂದು, ಅತ್ತಿಗೆಯ ನೋವು ಯಾವುದು ಅವರದ್ದು ಯಾವುದು ಎಂದು ಬಿಡಿಸಲಾಗದೆ ಹೋಯಿತು. ಇನ್ನು ಇದ್ದದ್ದು ಒಂದೇ ದಾರಿ: ಕಾಫಿ, ಟೀ ಎರಡನ್ನೂ ಮುಟ್ಟದ ನಲವತ್ತು ಜನರನ್ನು ಈ ಊರಿನಲ್ಲಿ ಹುಡುಕಬೇಕು. ಹುಡುಕಿ ಹುಡುಕಿ ಸುಸ್ತಾದೆ. ಮೂವತ್ತೊಂಬತ್ತು ಜನ ಸಿಕ್ಕರು, ಅವರ ಪ್ರಯೋಗವೂ ಮುಗಿಯಿತು. ನಲವತ್ತನೆಯವನು ನಮ್ಮ ಮನೆಯಲ್ಲೇ ಇದ್ದ. ಅಣ್ಣ ಹುಟ್ಟಿದಾಗಿನಿಂದ ಕುಡಿದದ್ದು ಹಾಲು, ರಾಗಿ ಗಂಜಿ, ಬಿಸಿನೀರು.

ಊಟಕ್ಕೆ ಕೂತಾಗ ಕೇಳಿದೆ. "ಅಣ್ಣ, ಭಾನುವಾರ ಲ್ಯಾಬಿಗೆ ಬಾ. ಅತ್ತಿಗೆ ತಲೆನೋವು ನಿಂಗೂ ಕೊಡ್ತೀನಿ."

"ಏನು, ಪರೀಕ್ಷೆನಾ ನಂಗೆ?"

"ಹೌದು. ನಾಟಕನೋ ನಿಜನೋ ನೋಡ್ಕೊಂಡು ಬರುವಿಯಂತೆ."

"ನಾಟಕ ಅಂತ ಯಾವತ್ತು ಹೇಳಿದೀನಿ ನಾನು?" ಅಣ್ಣ ತುತ್ತು ಕೈಯಲ್ಲಿ ಹಿಡಿದು ನನ್ನನ್ನು ನೋಡಿದ. "ಸಹಿಸ್ಕೋಬೇಕು ಅಂತ ಹೇಳಿದೀನಿ. ಬರ್ತೀನಿ ಬಿಡು, ಅದರಲ್ಲೇನಿದೆ."

ಪ್ರಯೋಗ ಮುಗಿದ ಮೇಲೆ ಗಾಡಿ ಓಡಿಸುವಂತಿಲ್ಲ, ಮನೆಯವರೊಬ್ಬರು ಜೊತೆಗೆ ಬರಬೇಕು ಎಂಬುದು ನಮ್ಮ ನಿಯಮ. ಭಾನುವಾರ ಅತ್ತಿಗೆಯೇ ಬಂದರು. ಬಂದು ಮೂಲೆಯ ಕುರ್ಚಿಯಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಗಂಡನನ್ನು ನೋಡುತ್ತಿದ್ದ ರೀತಿಯಲ್ಲಿ ಸ್ವಲ್ಪ ಹೆದರಿಕೆಯಿತ್ತು, ಸ್ವಲ್ಪ ಆಸೆಯೂ ಇತ್ತು. ಇವತ್ತಾದರೂ ಗೊತ್ತಾಗಲಿ ಎಂಬ ಆಸೆ.

ಮುಜೀಬ್ ಅಣ್ಣನ ತಲೆಗೆ ಪಟ್ಟಿ ಕಟ್ಟಿದ. ಶುರು ಮಾಡುವ ಮೊದಲು ಯಂತ್ರವನ್ನು ಸೊನ್ನೆಗೆ ತರಬೇಕು. ತರಕಾರಿ ತೂಗುವಾಗ ಖಾಲಿ ಬುಟ್ಟಿಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿಕೊಳ್ಳುತ್ತಾರಲ್ಲ, ಹಾಗೆ. ತಲೆ ಹೇಗೇ ಇರಲಿ, ಆ ಕ್ಷಣದ ಸ್ಥಿತಿಯನ್ನು ಸೊನ್ನೆ ಎಂದು ಹಿಡಿದು, ಅದರ ಮೇಲೆ ಎಷ್ಟು ನೋವು ಏರಿತು ಎಂದು ಪರದೆ ತೋರಿಸುತ್ತದೆ.

ಹತ್ತು ನಿಮಿಷವಾಯಿತು. ಪರದೆಯ ಮೇಲಿನ ಅಂಕಿ ಸೊನ್ನೆಯಿಂದ ಅಲುಗಾಡಲಿಲ್ಲ.

"ಆಯ್ತಾ?" ಎಂದ ಅಣ್ಣ.

"ಏನೂ ಅನ್ನಿಸ್ತಿಲ್ವಾ ಸರ್?" ಮುಜೀಬ್ ಕೇಳಿದ.

"ಏನನ್ನಿಸಬೇಕು?"

ಅತ್ತಿಗೆ ಮುಖ ತಿರುಗಿಸಿಕೊಂಡರು. ಕಣ್ಣು ತುಂಬಿತ್ತು. ಅವರಿಗಿದ್ದ ಒಂದೇ ಒಂದು ಸಾಕ್ಷಿಯೂ ಗಂಡನ ಮುಂದೆ ಕೈಕೊಟ್ಟಿತ್ತು. ಯಂತ್ರ ಕೆಟ್ಟಿರಬೇಕೆಂದು ಮುಜೀಬ್ ಪಟ್ಟಿಯನ್ನು ಬಿಚ್ಚಿ ತನ್ನ ತಲೆಗೇ ಕಟ್ಟಿಕೊಂಡ. ಮೂರೇ ನಿಮಿಷಕ್ಕೆ ಅಮ್ಮಾ ಎಂದು ಕಿತ್ತು ಹಾಕಿದ. ಯಂತ್ರ ಚೆನ್ನಾಗಿಯೇ ಇತ್ತು.

ಆಗ ನನಗೆ ಒಂದು ಹೊಳೆಯಿತು. "ಮುಜೀಬ್, ಅಣ್ಣನಿಗೆ ಮತ್ತೆ ಕಟ್ಟು. ಸೊನ್ನೆ ಮಾಡ್ಬೇಡ. ಇದ್ದದ್ದು ಇದ್ದಂಗೆ ತೋರ್ಸು. ಪಕ್ಕದಲ್ಲಿ ಅತ್ತಿಗೆದನ್ನ ಹಾಕು."

ಪರದೆಯ ಮೇಲೆ ಎರಡು ಗೆರೆ ಬಂದವು. ಒಂದು ಅತ್ತಿಗೆಯ ಅವತ್ತಿನ ಸಂಜೆಯದ್ದು. ಇನ್ನೊಂದು ಅಣ್ಣನ ಈ ಬೆಳಗಿನದ್ದು. ಅಣ್ಣನ ಗೆರೆ ಅತ್ತಿಗೆಯದಕ್ಕಿಂತ ಒಂದು ಕೂದಲು ಮೇಲೆಯೇ ಇತ್ತು. ಅವನ ತಲೆಯಲ್ಲಿ ನಮಗೆ ಹೊತ್ತಿಸಲು ಏನೂ ಉಳಿದಿರಲಿಲ್ಲ, ಅದಾಗಲೇ ಉರಿಯುತ್ತಿತ್ತು.

"ಅಣ್ಣ, ನಿಂಗೆ ತಲೆ ನೋಯ್ತಿದೆಯಾ?"

"ಇಲ್ವಲ್ಲ. ಯಾವಾಗ್ಲೂ ಇದ್ದಂಗೆ ಇದೆ."

"ಯಾವಾಗ್ಲೂ ಅಂದ್ರೆ?"

"ಯಾವಾಗ್ಲೂ ಅಂದ್ರೆ ಯಾವಾಗ್ಲೂ. ಹಣೆ ಹತ್ರ ಬಿಗಿಯಾಗಿರತ್ತಲ್ಲ, ಹಂಗೆ. ಚಿಕ್ಕೋನಿದ್ದಾಗಿಂದ." ನಾವು ಮೂವರೂ ಅವನನ್ನೇ ನೋಡುತ್ತಿರುವುದು ಕಂಡು ಅಣ್ಣನಿಗೆ ಇರಿಸುಮುರಿಸಾಯಿತು. "ಏನು? ತಲೆ ಇರೋದೇ ಹಂಗಲ್ವಾ?"

ಮುಜೀಬ್ ನಲವತ್ತನೆಯ ಹೆಸರನ್ನು ಹೊಡೆದುಹಾಕಿದ.

ಇನ್ನು ಅಣ್ಣ ನನ್ನ ಲೆಕ್ಕಕ್ಕೆ ಬರುವುದಿಲ್ಲ. ಅವನಿಗೆ ಗುಟ್ಟಿನ ಮಾತ್ರೆಯೂ ಬೇಕಿಲ್ಲ. ಅವನ ಯಕೃತ್ತು ಚೆನ್ನಾಗಿದೆ, ಕುಡಿತವಿಲ್ಲ. ಕಪಾಟಿನಿಂದ ಪ್ಯಾರಾಸಿಟಮಾಲ್ ತೆಗೆದು ಐನೂರು ಮಿಲಿಗ್ರಾಮಿನ ಎರಡು ಮಾತ್ರೆ ಅವನ ಕೈಗಿಟ್ಟೆ.

"ಅದಾ?" ಎಂದರು ಅತ್ತಿಗೆ. "ಅದರಿಂದ ಏನಾಗತ್ತೆ ಗಂಗಾ? ನಾನೂ ನುಂಗಿ ನೋಡಿದೀನಿ."

"ಎಷ್ಟು ನುಂಗಿದ್ರಿ?"

"ಒಂದು."

"ಎಷ್ಟು ಹೊತ್ತು ಕಾದ್ರಿ?"

"ಕಾಯೋದೆಲ್ಲಿ ಬಂತು, ಫೋನು ಹೊಡ್ಕೋತಿರತ್ತೆ. ಹತ್ತು ನಿಮಿಷ ನೋಡ್ದೆ. ಹೋಗ್ಲಿಲ್ಲ. ಹಳೇ ಮಾತ್ರೆನೇ ಹಾಕ್ಕೊಂಡೆ."

"ಇವತ್ತು ಒಂದು ಗಂಟೆ ಕಾಯೋಣ" ಅಂದೆ.

ಅಣ್ಣನ ಗೆರೆ ಕಾಣುತ್ತಿರಲಿ ಎಂದು ಅವನ ಪಟ್ಟಿ ಬಿಚ್ಚಲಿಲ್ಲ. ಆ ಹೊತ್ತಿನಲ್ಲಿ ಮುಜೀಬ್ ಮೂವತ್ತೊಂಬತ್ತು ಜನರಲ್ಲಿ ಯಾರಿಗೆ ಯಾವ ಮಾತ್ರೆ ಎಂಬ ಗುಟ್ಟು ಬಿಚ್ಚಿದ. ಇನ್ನೊಂದು ಪರದೆಯ ಮುಂದೆ ಇಬ್ಬರೂ ನಿಂತು ನೋಡಿದೆವು. ಹುಸಿ ಮಾತ್ರೆಯವರಲ್ಲಿ ಕೆಲವರಿಗೆ ತಾನಾಗಿ ಕಡಿಮೆಯಾಗಿತ್ತು, ಬಹಳ ಜನಕ್ಕೆ ಇಲ್ಲ. ಐಬುಪ್ರೊಫೆನ್ ಸ್ವಲ್ಪ ಚುರುಕಾಗಿ ಕೆಲಸ ಶುರು ಮಾಡಿತ್ತು. ಆಸ್ಪಿರಿನ್ ಚೂರು ಹಿಂದೆ. ಆದರೆ ಎರಡು ಗಂಟೆ ಕಳೆಯುವಾಗ ಪ್ಯಾರಾಸಿಟಮಾಲ್ ಐಬುಪ್ರೊಫೆನ್ನಿನ ಹೆಗಲಿಗೆ ಹೆಗಲು ಕೊಟ್ಟು ನಿಂತಿತ್ತು. ಎಲ್ಲರಿಗೂ ಪೂರ್ತಿ ಹೋಗಿತ್ತೇ ಎಂದರೆ ಇಲ್ಲ, ಯಾವ ಮಾತ್ರೆಗೂ ಅಷ್ಟು ಶಕ್ತಿಯಿಲ್ಲ. ಇಷ್ಟು ಕಡಿಮೆ ಜನರನ್ನಿಟ್ಟುಕೊಂಡು ಜಗತ್ತಿಗೆ ಕಾನೂನು ಹೇಳಲು ನಾನು ಹೋಗುವುದಿಲ್ಲ. ನನಗೆ ಬೇಕಾಗಿದ್ದ ಒಬ್ಬರಿಗೆ ಹೇಳಲು ಅಷ್ಟು ಸಾಕಿತ್ತು.

"ಅತ್ತಿಗೆ, ಎರಡೂ ಒಂದೇ. ಹೊಟ್ಟೆ ಸುಡೋದೂ, ಸುಡದೇ ಇರೋದೂ ಒಂದೇ ಕೆಲಸ ಮಾಡಿದಾವೆ."

"ಅವ್ರ ತಲೆಗೆ ಮಾಡಿರತ್ತೆ. ನನ್ನ ತಲೆಗೆ?"

"ಅವ್ರ ತಲೇಲಿ ಇದ್ದಿದ್ದು ನಿಮ್ಮ ನೋವೇ ಅಲ್ವಾ?"

ಅಷ್ಟರಲ್ಲಿ ಅಣ್ಣ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ಕಾಣಿಸಿತು. ಮುಖ ಬಿಳಿಚಿತ್ತು.

"ಗಂಗಾ, ನಂಗೇನೋ ಆಗ್ತಿದೆ."

ಓಡಿಹೋಗಿ ನಾಡಿ ಹಿಡಿದೆ. ಸರಿಯಾಗಿತ್ತು. "ಏನಾಗ್ತಿದೆ ಅಣ್ಣ?"

"ಗೊತ್ತಾಗ್ತಿಲ್ಲ. ತಲೆನೇ ಇಲ್ಲ ಅನ್ನಿಸ್ತಿದೆ." ಅವನು ಕೈಯೆತ್ತಿ ಪಟ್ಟಿಯ ಕೆಳಗೆ ಹಣೆ ಮುಟ್ಟಿಕೊಂಡ, ನೆತ್ತಿ ಮುಟ್ಟಿಕೊಂಡ. "ಫ್ಯಾನಿನ ಸದ್ದು ಯಾಕೆ ದೂರ ಹೋಯ್ತು? ಬೆಳಕು... ಬೆಳಕು ಚುಚ್ಚುತಾ ಇಲ್ಲ. ಯಾರನ್ನಾದ್ರೂ ದೊಡ್ಡ ಡಾಕ್ಟರನ್ನ ಕರಿ."

ನಾನು ಪರದೆ ನೋಡಿದೆ. ಅಣ್ಣನ ಗೆರೆ ಇಳಿಯುತ್ತಿತ್ತು, ಒಂದೇ ಸಮನೆ. ಐವತ್ತೈದು ವರ್ಷದ ಆ ಹುಬ್ಬುಗಳ ನಡುವೆ ನಾನು ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದ ಗಂಟು ಸಡಿಲವಾಗುತ್ತಿತ್ತು. ಅದು ಅವನ ಮುಖವೇ ಎಂದು ತಿಳಿದಿದ್ದೆ. ಅದರ ಕೆಳಗೆ ಬೇರೆಯೇ ಒಂದು ಮುಖವಿತ್ತು, ಮೆತ್ತಗಿನದು. ನಾನು ಅದನ್ನು ಎಂದೂ ಕಂಡಿರಲಿಲ್ಲ.

ಅತ್ತಿಗೆ ಎದ್ದು ಬಂದು ಅವನ ಪಕ್ಕದಲ್ಲಿ ನೆಲದ ಮೇಲೆಯೇ ಕೂತರು. "ಹೆದರ್ಕೋಬೇಡ್ರಿ. ಏನೂ ಆಗಿಲ್ಲ ನಿಮಗೆ. ಅದು ನೋವು ಹೋಗಿರೋದು."

"ನೋವು ಹೋದ್ರೆ ಹೀಗಿರತ್ತಾ?"

"ಹೂಂ."

"ಎಲ್ರಿಗೂ ಹೀಗೇ ಇರತ್ತಾ? ದಿನಾ?"

"ತುಂಬ ಜನಕ್ಕೆ ಇರತ್ತೆ. ನಂಗೂ ಇತ್ತು, ಈ ಕೆಲಸಕ್ಕೆ ಸೇರೋಕೆ ಮುಂಚೆ."

ಅಣ್ಣ ಅವರ ಕಡೆ ತಿರುಗಿದ. ಮೇಷ್ಟ್ರು, ಮಕ್ಕಳ ಮುಂದೆ ಒಂದು ದಿನವೂ ದನಿ ನಡುಗಿಸದವನು, ಈಗ ಅವನ ತುಟಿ ನೆಟ್ಟಗೆ ನಿಲ್ಲಲಿಲ್ಲ.

"ನಂಗೆ ಕಳ್ಕೊಂಡಿದ್ದೇ ಗೊತ್ತಿರ್ಲಿಲ್ಲ ಮಂಗಳ. ನಿಂಗೆ ಗೊತ್ತಿತ್ತು. ಇಂಥದ್ದು ಒಂದಿದೆ ಅಂತ ಗೊತ್ತಿದ್ದೂ ಅದಿಲ್ಲದೆ ಇದ್ದೀಯಲ್ಲ ಇಷ್ಟು ವರ್ಷ. ಹೆಂಗಿದ್ದೆ?"

ಅತ್ತಿಗೆ ಅವನ ಮೊಣಕಾಲಿಗೆ ಹಣೆ ಇಟ್ಟುಕೊಂಡರು. ಅವರ ಭುಜ ಅಲುಗುತ್ತಿತ್ತು. ಮುಜೀಬ್ ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತ ನಿಂತ. ನಾನು ಕನ್ನಡಕ ಒರಸಿಕೊಂಡೆ.

ಸ್ವಲ್ಪ ಹೊತ್ತಾದ ಮೇಲೆ ಅತ್ತಿಗೆ ಮುಖ ಒರಸಿಕೊಂಡು ಕೈಚೀಲ ತೆಗೆದರು. ತಳದಲ್ಲಿ ಕರವಸ್ತ್ರದೊಳಗೆ ಮಡಿಸಿಟ್ಟಿದ್ದ ಐಬುಪ್ರೊಫೆನ್ ಸ್ಟ್ರಿಪ್ಪನ್ನು ನನ್ನ ಕೈಗೆ ಹಾಕಿದರು.

"ಅತ್ತಿದ್ದಕ್ಕೆ ಶುರುವಾಯ್ತು ನೋಡು" ಅಂದರು, ಹಣೆ ಒತ್ತಿಕೊಳ್ಳುತ್ತ. "ಇವ್ರಿಗೆ ಕೊಟ್ಟಿದ್ದನ್ನೇ ಕೊಡು. ಎರಡು."

ಕೊಟ್ಟೆ. ಅಣ್ಣ ಪಟ್ಟಿ ಬಿಚ್ಚಿಟ್ಟು ಎದ್ದು ತಾನೇ ಲೋಟಕ್ಕೆ ನೀರು ಬಗ್ಗಿಸಿ ತಂದ. ದೀಪ ಆರಿಸಿದ. ಅತ್ತಿಗೆಯ ಫೋನನ್ನು ತೆಗೆದು ತನ್ನ ಜೇಬಿಗೆ ಹಾಕಿಕೊಂಡ. ಆಮೇಲೆ ಅವರ ಎದುರಿಗೆ ಕುರ್ಚಿಯನ್ನು ಎಳೆಯದೆ, ಸದ್ದಾಗದ ಹಾಗೆ ಎತ್ತಿ ಇಟ್ಟುಕೊಂಡು ಕೂತ.

"ಹೋಯ್ತಾ?" ಎಂದು ಕೇಳಿದ.

"ಈಗಿನ್ನೂ ನುಂಗಿದೀನಲ್ರೀ."

ಇನ್ನೊಂದಷ್ಟು ಹೊತ್ತು ಬಿಟ್ಟು ಮತ್ತೆ ಕೇಳಿದ. ಅತ್ತಿಗೆ ಇಲ್ಲ ಎಂದು ಬೆರಳಾಡಿಸಿದರು. ಮೂರನೆಯ ಸಲ ಕೇಳಿದಾಗ ಅವರಿಗೆ ನಗು ಬಂತು. ನಾನೂ ಮುಜೀಬನೂ ಬಾಗಿಲ ಹತ್ತಿರ ನಿಂತೇ ಇದ್ದೆವು, ಹೊರಗೆ ಹೋಗಲು ಮನಸ್ಸಾಗದೆ.

ಗಂಟೆ ಮುಗಿಯುತ್ತ ಬಂದಾಗ ಅತ್ತಿಗೆಯ ದವಡೆ ಸಡಿಲವಾಯಿತು. ಅಣ್ಣ ಮುಂದಕ್ಕೆ ಬಾಗಿ, "ಮಂಗಳ, ಹೋಯ್ತಾ?" ಎಂದ.

ಅವರು ಕಣ್ಣು ತೆರೆಯಲಿಲ್ಲ. ಕೈ ಚಾಚಿ ಅವನ ಬಾಯಿ ಮುಚ್ಚಿದರು.

"ಸ್ವಲ್ಪ ಸುಮ್ನಿರ್ರೀ. ಹೋಗ್ತಾ ಇದೆ, ನೋಡ್ತಾ ಇದೀನಿ."